ಗೋಧಿ ಬಿಯರಿಗೆ ಹಣ್ಣಿನ ರಸ: ಏಳು ಬೇಸಿಗೆಗಳ ಅನುಭವ

ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರದಲ್ಲಿ ನಾನು ನೆಲೆಸಿ ಹನ್ನೆರಡು ವರ್ಷಗಳಾದವು. ಊರಿನ ಅಂಚಿನಲ್ಲಿ, ವಿಲಾಮಿಟ್ ನದಿಯು ಕೊಲಂಬಿಯಾ ನದಿಯನ್ನು ಸೇರುವಲ್ಲಿ, ಸೋವಿ ಎಂಬ ದ್ವೀಪವಿದೆ. ಅಲ್ಲಿನ ತೋಟಗಳಿಗೆ ಹೋಗಿ ನಮ್ಮ ಕೈಯಾರೆ ಹಣ್ಣು ಕಿತ್ತು, ತೂಕ ಮಾಡಿಸಿ, ಹಣ ಕೊಟ್ಟು ತರಬಹುದು. ಜೂನ್ ತಿಂಗಳಲ್ಲಿ ಸ್ಟ್ರಾಬೆರಿ, ಜೂನ್ ಕೊನೆಯಿಂದ ರಾಸ್‌ಬೆರಿ, ಅದರ ಬೆನ್ನಿಗೇ ಜುಲೈಯಲ್ಲಿ ಮ್ಯಾರಿಯನ್‌ಬೆರಿ. ಈ ಕೊನೆಯದು 1956ರಲ್ಲಿ ಇದೇ ರಾಜ್ಯದಲ್ಲಿ ಬಿಡುಗಡೆಯಾದ, ಇಲ್ಲಿನ ಮ್ಯಾರಿಯನ್ ಜಿಲ್ಲೆಯ ಹೆಸರನ್ನು ಹೊತ್ತ ಹಣ್ಣು. ಏಳು ಬೇಸಿಗೆಗಳಿಂದ ನಾನು ಈ ಹಣ್ಣುಗಳ ರಸವನ್ನು ಮನೆಯಲ್ಲೇ ತಯಾರಿಸಿದ ಗೋಧಿ ಬಿಯರಿಗೆ ಸೇರಿಸುತ್ತ ಬಂದಿದ್ದೇನೆ. ಮೊದಲ ಮೂರು ವರ್ಷ ಮೂರು ಬೇರೆ ಬೇರೆ ಕಾರಣಗಳಿಂದ ಕೆಲಸ ಕೆಟ್ಟಿತು. ಆ ಮೂರೂ ವರ್ಷ ನನ್ನ ತಲೆಯಲ್ಲಿ ಇದ್ದದ್ದು ಒಂದೇ ತಪ್ಪು ತಿಳಿವಳಿಕೆ: ಹಣ್ಣಿನ ರಸ ಸೇರಿಸಿದರೆ ಬಿಯರು ಹಣ್ಣಿನಂತೆ ಸಿಹಿಯಾಗುತ್ತದೆ ಎಂದು ನಾನು ನಂಬಿದ್ದೆ. ರಸದಲ್ಲಿರುವ ಸಕ್ಕರೆಯನ್ನು ಯೀಸ್ಟ್ ಪೂರ್ತಿಯಾಗಿ ತಿಂದುಬಿಡುತ್ತದೆ; ಉಳಿಯುವುದು ಹಣ್ಣಿನ ಹುಳಿ, ಪರಿಮಳ ಮತ್ತು ಬಣ್ಣ. ಇದು ಮನಸ್ಸಿಗೆ ಇಳಿದ ಮೇಲೆ ಕಾಳಿನ ಆಯ್ಕೆಯಿಂದ ಹಿಡಿದು ಬಾಟಲಿಗೆ ಮುಚ್ಚಳ ಹಾಕುವವರೆಗೆ ನನ್ನ ಪ್ರತಿಯೊಂದು ತೀರ್ಮಾನವೂ ಬದಲಾಯಿತು.

ಮೊದಲಿಗೆ ಕಾನೂನಿನ ಮಾತು. ಅಮೆರಿಕದಲ್ಲಿ 1978ರಲ್ಲಿ ಅಂಗೀಕಾರವಾಗಿ ಮರುವರ್ಷ ಜಾರಿಗೆ ಬಂದ ಕೇಂದ್ರ ಕಾಯ್ದೆಯು ಮನೆಯ ಬಳಕೆಗಾಗಿ ಬಿಯರ್ ತಯಾರಿಸಲು ಅವಕಾಶ ಕೊಟ್ಟಿತು. ವಯಸ್ಕರು ಒಬ್ಬರೇ ಇರುವ ಮನೆಯಲ್ಲಿ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಮಂದಿ ಇದ್ದರೆ 200 ಗ್ಯಾಲನ್ ಮಿತಿ, ಮಾರುವಂತಿಲ್ಲ. ಕರ್ನಾಟಕದಲ್ಲಿ ಪರಿಸ್ಥಿತಿ ಹಾಗಿಲ್ಲ. 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮನೆಯಲ್ಲಿ ಮದ್ಯ ತಯಾರಿಸುವುದು ಅಪರಾಧ. ಆದ್ದರಿಂದ ಊರಿನಲ್ಲಿರುವ ಓದುಗರು ಇದನ್ನು ತಿಳಿವಳಿಕೆಗಾಗಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಬೆಂಗಳೂರಿನಲ್ಲಿ ಪರವಾನಗಿ ಪಡೆದು ಅಲ್ಲಲ್ಲೇ ಬಿಯರ್ ಕುದಿಸಿ ಕೊಡುವ ಜಾಗಗಳಲ್ಲಿ ಮಾವಿನ ಕಾಲಕ್ಕೆ ಮಾವಿನ ಗೋಧಿ ಬಿಯರ್ ಸಿಗುವುದುಂಟು. ಅದು ಹೇಗೆ ಆಗುತ್ತದೆಂದು ಕುತೂಹಲವಿರುವವರಿಗೂ ಈ ಬರಹ ಉಪಯೋಗಕ್ಕೆ ಬರಬಹುದು.

ಹಣ್ಣಿಗೆ ಗೋಧಿ ಬಿಯರೇ ಏಕೆ ಎಂದು ನನ್ನನ್ನು ಅನೇಕರು ಕೇಳಿದ್ದಾರೆ. ಬರೀ ಬಾರ್ಲಿಯಿಂದ ಮಾಡಿದ ಬಿಯರಿಗಿಂತ ಗೋಧಿ ಸೇರಿದ ಬಿಯರಿನಲ್ಲಿ ಪ್ರೋಟೀನ್ ಹೆಚ್ಚು. ಅದರಿಂದ ನೊರೆ ದಟ್ಟವಾಗಿ ನಿಲ್ಲುತ್ತದೆ, ಬಾಯಿಗೆ ಮೆತ್ತನೆಯ ಅನುಭವ ಸಿಗುತ್ತದೆ, ಬಿಯರು ಸ್ವಲ್ಪ ಮಬ್ಬಾಗಿದ್ದರೂ ಅದು ದೋಷವೆನಿಸುವುದಿಲ್ಲ. ಹಾಪ್ಸ್ ಎಂಬ ಬಳ್ಳಿಯ ಹೂವಿನ ಕಹಿಯೂ, ಹುರಿದ ಕಾಳಿನ ವಾಸನೆಯೂ ಕಡಿಮೆಯಿರುವುದರಿಂದ ಹಣ್ಣಿನ ಪರಿಮಳಕ್ಕೆ ಜಾಗ ಉಳಿಯುತ್ತದೆ. ಬವೇರಿಯಾದಲ್ಲಿ 1516ರ ಕಟ್ಟಳೆಯು ಬಿಯರಿಗೆ ಬಾರ್ಲಿ, ಹಾಪ್ಸ್ ಮತ್ತು ನೀರನ್ನು ಮಾತ್ರ ಒಪ್ಪಿದ್ದ ಕಾಲದಲ್ಲಿಯೂ ಗೋಧಿ ಬಿಯರಿನ ವಿಶೇಷ ಹಕ್ಕು ಡೇಗೆನ್‌ಬರ್ಗ್ ಎಂಬ ಮನೆತನಕ್ಕೆ ಇತ್ತು. 1602ರಲ್ಲಿ ಆ ವಂಶ ಮುಗಿದಾಗ ಹಕ್ಕು ಅರಸುಮನೆಗೆ ಮರಳಿತು. 1872ರಲ್ಲಿ ಗೇಯೋರ್ಗ್ ಶ್ನೈಡರ್ ಅದನ್ನು ಪಡೆದುಕೊಂಡ ನಂತರ ಈ ಬಿಯರು ಮತ್ತೆ ಜೀವ ಹಿಡಿಯಿತು. ಬರ್ಲಿನ್ನಿನ ಹುಳಿ ಗೋಧಿ ಬಿಯರಿಗೆ ರಾಸ್‌ಬೆರಿ ಪಾಕವನ್ನು ಕುಡಿಯುವ ಹೊತ್ತಿಗೆ ಲೋಟದಲ್ಲೇ ಬೆರೆಸುತ್ತಾರೆ. ಆ ಪದ್ಧತಿಯ ಬಗ್ಗೆ ಯೋಚಿಸಿದಾಗಲೇ ನನಗೆ ನನ್ನ ತಪ್ಪು ಹೊಳೆದದ್ದು. ಲೋಟದಲ್ಲಿ ಬೆರೆಸಿದ ಪಾಕದ ಸಿಹಿಯನ್ನು ತಿನ್ನಲು ಯೀಸ್ಟಿಗೆ ಸಮಯವೇ ಇಲ್ಲ. ಹುದುಗುವ ಪಾತ್ರೆಗೆ ಸುರಿದ ರಸದ ವಿಷಯ ಬೇರೆ.

ಈಗ ತಯಾರಿಯ ವಿಷಯ. ನಾನು ಪ್ರತಿಸಲ ಮಾಡುವುದು ಸುಮಾರು 19 ಲೀಟರ್. ಅದಕ್ಕೆ ಗೋಧಿ ಮಾಲ್ಟ್ 2.5 ಕಿಲೋ, ತಿಳಿಬಣ್ಣದ ಬಾರ್ಲಿ ಮಾಲ್ಟ್ 2 ಕಿಲೋ. ನಮ್ಮಲ್ಲಿ ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿಸಿ, ಒಣಗಿಸಿ ಪುಡಿ ಮಾಡುವ ಕ್ರಮವನ್ನು ಕಂಡವರಿಗೆ ಮಾಲ್ಟ್ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಮೊಳಕೆಯೊಡೆದಾಗ ಕಾಳಿನೊಳಗೆ ಹುಟ್ಟುವ ಕಿಣ್ವಗಳು ಬಿಸಿನೀರಿನಲ್ಲಿ ಹಿಟ್ಟಿನಂಶವನ್ನು ಸಕ್ಕರೆಯಾಗಿ ಮಾರ್ಪಡಿಸುತ್ತವೆ. ಅಂಗಡಿಯಲ್ಲಿಯೇ ಒಡೆಸಿ ತಂದ ಈ ನುಚ್ಚನ್ನು, ತಳದಲ್ಲಿ ಸ್ಟೀಲ್ ಜಾಲರಿ ಮತ್ತು ನಲ್ಲಿ ಕೂಡಿಸಿದ ಒಂದು ಐಸ್ ಪೆಟ್ಟಿಗೆಯಲ್ಲಿ, 74 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ 14 ಲೀಟರ್ ನೀರಿಗೆ ಕಲಸುತ್ತೇನೆ. ಕಲಸಿದ ಮೇಲೆ ಅದು 68 ಡಿಗ್ರಿಗೆ ಬಂದು ನಿಲ್ಲುತ್ತದೆ. ಮುಚ್ಚಿ ಒಂದು ಗಂಟೆ ಬಿಡಬೇಕು. ಮೊದಲೆಲ್ಲ ನಾನು 66 ಡಿಗ್ರಿಯಲ್ಲಿ ಇಡುತ್ತಿದ್ದೆ. ಆ ಶಾಖದಲ್ಲಿ ಯೀಸ್ಟ್ ತಿನ್ನಬಲ್ಲ ಸಕ್ಕರೆಯೇ ಹೆಚ್ಚು ಹುಟ್ಟುವುದರಿಂದ ಬಿಯರು ತೆಳ್ಳಗಾಗಿ, ಅದರ ಮೇಲೆ ಹಣ್ಣಿನ ಹುಳಿ ಬಿದ್ದಾಗ ನೀರಿಗೆ ನಿಂಬೆ ಹಿಂಡಿದಂತೆ ಆಗುತ್ತಿತ್ತು. ಎರಡು ಡಿಗ್ರಿ ಮೇಲಿಟ್ಟರೆ ಯೀಸ್ಟಿಗೆ ದಕ್ಕದ ಅಂಶ ಒಂದಿಷ್ಟು ಉಳಿದು ಹುಳಿಗೆ ಆಧಾರವಾಗುತ್ತದೆ.

ಗೋಧಿಗೆ ಬಾರ್ಲಿಯಂತೆ ಮೇಲ್ಸಿಪ್ಪೆ ಇಲ್ಲ. ಬಾರ್ಲಿಯ ಸಿಪ್ಪೆಯೇ ಜರಡಿಯಾಗಿ ನಿಂತು ಸಿಹಿಯಾದ ತಿಳಿಯನ್ನು ಕೆಳಗೆ ಇಳಿಯಬಿಡುತ್ತದೆ. ಗೋಧಿ ಅರ್ಧಕ್ಕಿಂತ ಹೆಚ್ಚಾದರೆ ಎಲ್ಲವೂ ಅಂಟಿನಂತೆ ಕೂತು ನಲ್ಲಿ ಕಟ್ಟಿಕೊಳ್ಳುತ್ತದೆ. ನನ್ನ ಮೊದಲ ಪ್ರಯತ್ನದಲ್ಲಿ ನಲ್ಲಿ ಪೂರ್ತಿ ತೆರೆದರೂ ಹನಿ ಹನಿಯಾಗಿ ಇಳಿದು, ಒಂದು ಗಂಟೆಯಲ್ಲಿ ಆಗಬೇಕಾದ ಕೆಲಸಕ್ಕೆ ನಾಲ್ಕು ಗಂಟೆ ಹಿಡಿಯಿತು. ಪಕ್ಕದ ಮನೆಯ ಹಿರಿಯರು, ನನಗಿಂತ ಬಹಳ ಮೊದಲಿನಿಂದ ಮನೆಯಲ್ಲಿ ಬಿಯರ್ ಮಾಡುತ್ತ ಬಂದವರು, ಮರುದಿನ ಒಂದು ಚೀಲವನ್ನು ತಂದು ಕೊಟ್ಟರು. ಬಿಚ್ಚಿ ನೋಡಿದರೆ ಭತ್ತದ ಹೊಟ್ಟು. ಸಾಗರ ಪಟ್ಟಣದ ಬಳಿಯ ನಮ್ಮೂರಿನ ಅಕ್ಕಿ ಗಿರಣಿಯ ಹಿಂದೆ ಗುಡ್ಡೆಯಾಗಿ ಬಿದ್ದಿರುತ್ತಿದ್ದ, ಬಚ್ಚಲ ಒಲೆಗೆ ತುಂಬುತ್ತಿದ್ದ ಅದೇ ಉಮಿ ಇಲ್ಲಿ ತೊಳೆದು ಒಣಗಿಸಿ, ಅಳೆದು, ಚೀಲ ಕಟ್ಟಿ ಮಾರಾಟವಾಗುತ್ತದೆ. ಅದಕ್ಕೆ ರುಚಿಯಿಲ್ಲ, ಸಕ್ಕರೆಯಿಲ್ಲ. ನುಚ್ಚಿನ ನಡುವೆ ನೀರಿಗೆ ದಾರಿ ಬಿಡಿಸುವುದಷ್ಟೇ ಅದರ ಕೆಲಸ. ಅಂದಿನಿಂದ 200 ಗ್ರಾಂ ಉಮಿ ಸೇರಿಸದೆ ನಾನು ಗೋಧಿಯನ್ನು ಮುಟ್ಟಿಲ್ಲ.

ನೀರಿನ ಬಗ್ಗೆ ಎರಡು ಮಾತು ಸಾಕು. ಪೋರ್ಟ್‌ಲ್ಯಾಂಡಿಗೆ ಬುಲ್ ರನ್ ಎಂಬ ಕಾಡಿನಿಂದ ಬರುವ ನೀರು ಬಹಳ ಮೃದು, ಅಂದರೆ ಖನಿಜಾಂಶ ಕಡಿಮೆ. ಅದಕ್ಕೆ ಒಟ್ಟು 28 ಲೀಟರಿಗೆ 5 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಹಾಕುತ್ತೇನೆ. ಸೋಂಕು ತಡೆಯಲು ನಗರದವರು ಬೆರೆಸುವ ಕ್ಲೋರಮೈನ್ ಅಂಶವನ್ನು ಕಳೆಯಲು ಕ್ಯಾಂಪ್ಡನ್ ಎಂಬ ಸಲ್ಫೈಟ್ ಮಾತ್ರೆಯೊಂದರ ಅರ್ಧಭಾಗವನ್ನು ಪುಡಿ ಮಾಡಿ ಸೇರಿಸುತ್ತೇನೆ. ಹೀಗೆ ಮಾಡದಿದ್ದರೆ ಬಿಯರಿನಲ್ಲಿ ಔಷಧಿಯಂಥ ವಾಸನೆ ಸೇರಿಕೊಳ್ಳುವ ಅಪಾಯವಿದೆ, ಹಣ್ಣಿನ ಪರಿಮಳದ ಎದುರು ಅದು ಇನ್ನೂ ಎದ್ದು ಕಾಣುತ್ತದೆ.

ಮೊದಲ ತಿಳಿ ಇಳಿದ ಮೇಲೆ ಇನ್ನೂ 14 ಲೀಟರ್ ಬಿಸಿನೀರು ಹಾಯಿಸಿ ನುಚ್ಚನ್ನು ತೊಳೆದು, ಎಲ್ಲವನ್ನೂ ಒಂದು ಗಂಟೆ ಕುದಿಸುತ್ತೇನೆ. ಕುದಿ ಹತ್ತಿದ ಕೂಡಲೇ ವಿಲಾಮಿಟ್ ಹಾಪ್ಸ್ 20 ಗ್ರಾಂ. ಮುಂದೆ ಪರಿಮಳಕ್ಕೆಂದು ಏನನ್ನೂ ಹಾಕುವುದಿಲ್ಲ. ಹಣ್ಣಿನ ಹುಳಿ ಮತ್ತು ಹಾಪ್ಸ್‌ನ ಕಹಿ ಒಂದೇ ಲೋಟದಲ್ಲಿ ಜೋರಾಗಿ ಸೇರಿದರೆ ಎರಡೂ ಕಟುವಾಗುತ್ತವೆ ಎಂಬುದು ನನ್ನ ನಾಲಗೆ ಹೇಳುವ ಮಾತು. ಕುದಿಸಿದ್ದನ್ನು ತಾಮ್ರದ ಸುರುಳಿಯಲ್ಲಿ ತಣ್ಣೀರು ಹಾಯಿಸಿ 18 ಡಿಗ್ರಿಗೆ ಇಳಿಸಿ, ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ತೇಲಿಬಿಟ್ಟು ನೋಡಿದರೆ 1.047 ತೋರಿಸುತ್ತದೆ. ಬರೀ ನೀರಿನದು 1.000; ಕರಗಿದ ಸಕ್ಕರೆ ಹೆಚ್ಚಿದಷ್ಟೂ ಅಂಕಿ ಏರುತ್ತದೆ.

ಯಾವ ಯೀಸ್ಟ್ ಎಂಬುದು ಇಡೀ ಕೆಲಸದ ದಿಕ್ಕನ್ನೇ ನಿರ್ಧರಿಸುತ್ತದೆ. ಬವೇರಿಯಾದ ಗೋಧಿ ಬಿಯರಿನ ಯೀಸ್ಟ್ ತಾನೇ ಬಾಳೆಹಣ್ಣಿನ ಮತ್ತು ಲವಂಗದ ಪರಿಮಳವನ್ನು ಹುಟ್ಟಿಸುತ್ತದೆ. ಬಾಳೆಹಣ್ಣಿನದು ಐಸೊಅಮೈಲ್ ಅಸಿಟೇಟ್ ಎಂಬ ಎಸ್ಟರಿನಿಂದ, ಲವಂಗದ್ದು 4-ವಿನೈಲ್ ಗ್ವಾಯಕಾಲ್ ಎಂಬ ಫೀನಾಲಿನಿಂದ. ಶಾಖ ಏರಿದಂತೆ ಬಾಳೆಹಣ್ಣು ಮುಂದಾಗುತ್ತದೆ. ಅದು ತಾನಾಗಿ ಬಹಳ ಚೆನ್ನಾದ ಬಿಯರು. ಆದರೆ ಅದರಲ್ಲಿ ರಾಸ್‌ಬೆರಿ ಸೇರಿಸಿದಾಗ ಮೂರು ಪರಿಮಳಗಳು ಒಂದರ ಮಾತನ್ನು ಇನ್ನೊಂದು ಕೇಳದೆ ಕಲೆತುಹೋದವು. ಪೋರ್ಟ್‌ಲ್ಯಾಂಡಿನವರೇ ಆದ ವಿಡ್‌ಮರ್ ಸಹೋದರರು 1986ರಲ್ಲಿ ಮಾರುಕಟ್ಟೆಗೆ ತಂದ ಮಬ್ಬಿನ ಗೋಧಿ ಬಿಯರಿನಲ್ಲಿ ಈ ಬಾಳೆಹಣ್ಣು, ಲವಂಗಗಳಿಲ್ಲ. ಅವರು ಬಳಸಿದ್ದು ಮೌನವಾಗಿ ಕೆಲಸ ಮಾಡುವ ಬೇರೆ ಜಾತಿಯ ಯೀಸ್ಟನ್ನು. ರಾಸ್‌ಬೆರಿಗೆ ನಾನೂ ಅದೇ ದಾರಿ ಹಿಡಿದೆ: ಸೇಫೇಲ್ ಯುಎಸ್-05 ಒಣ ಯೀಸ್ಟ್ 11.5 ಗ್ರಾಮಿನ ಒಂದು ಪೊಟ್ಟಣ, 18 ಡಿಗ್ರಿ ಶಾಖ, ಏಳು ದಿನ. ಮಾವಿಗೆ ಮಾತ್ರ ಬವೇರಿಯಾದ ಯೀಸ್ಟೇ ಒಪ್ಪುತ್ತದೆ, ಅದನ್ನು ಮುಂದೆ ಹೇಳುತ್ತೇನೆ.

ಇನ್ನು ರಸ. ಮೊದಲ ವರ್ಷ ನಾನು ಅಂಗಡಿಯಿಂದ ರಾಸ್‌ಬೆರಿ ರಸದ ಬಾಟಲಿ ತಂದು, ಹುದುಗು ಮುಗಿದ ಮೇಲೆ ಸುರಿದೆ. ಬಾಟಲಿಗೆ ತುಂಬಿ ಮೂರು ವಾರ ಕಾದರೂ ಬಿಯರಿನಲ್ಲಿ ಗುಳ್ಳೆ ಹುಟ್ಟಲಿಲ್ಲ. ಆಮೇಲೆ ಚೀಟಿ ಓದಿದರೆ ಪೊಟ್ಯಾಸಿಯಂ ಸೋರ್ಬೇಟ್ ಎಂದಿತ್ತು. ರಸ ಕೆಡದಿರಲೆಂದು ಹಾಕುವ ಆ ವಸ್ತು ಯೀಸ್ಟ್ ಮರಿಮಾಡದಂತೆ ತಡೆಯುತ್ತದೆ; ಬಾಟಲಿಯೊಳಗೆ ಮತ್ತೆ ಕೆಲಸ ಆರಂಭಿಸಬೇಕಾದ ಯೀಸ್ಟಿಗೆ ಶಕ್ತಿಯೇ ಇರಲಿಲ್ಲ. ತಪ್ಪು ಓದದೆ ಕೊಂಡ ನನ್ನದು. ಎರಡನೆಯ ವರ್ಷ ತಾಜಾ ಹಣ್ಣು ತಂದು ಮಿಕ್ಸಿಯಲ್ಲಿ ಅರೆದು, ಯೀಸ್ಟಿನ ಜೊತೆಗೇ ಮೊದಲ ದಿನ ಸೇರಿಸಿದೆ. ಹುದುಗು ಬಿರುಸಾಗಿ ನಡೆಯುವಾಗ ಹೊರಹೋಗುವ ಇಂಗಾಲದ ಡೈಆಕ್ಸೈಡ್ ಹಣ್ಣಿನ ಪರಿಮಳವನ್ನು ಹೊತ್ತುಕೊಂಡು ಹೋಯಿತು. ಆ ವಾರ ಗ್ಯಾರೇಜು ಘಮಘಮಿಸುತ್ತಿತ್ತು, ಬಿಯರಿನಲ್ಲಿ ಏನೂ ಉಳಿಯಲಿಲ್ಲ. ಉಳಿದದ್ದು ಒಗರು. ಅಮ್ಮನೊಡನೆ ಫೋನಿನಲ್ಲಿ ಮಾತಾಡುವಾಗ ಇದನ್ನು ಹೇಳಿದೆ. ಅವಳು ನೇರಳೆಹಣ್ಣಿನ ಶರಬತ್ತು ಮಾಡುವವಳು. "ಬೀಜ ಸಮೇತ ಮಿಕ್ಸಿಗೆ ಹಾಕಿದ್ಯಾ? ಬೀಜ ಒಡೆದ್ರೆ ಒಗರು ಬಿಡದೆ ಇರ್ತದಾ? ಕೈಯಲ್ಲಿ ಹಿಚುಕಿ ಬಟ್ಟೇಲಿ ಸೋಸ್ಬೇಕು ಮಾರಾಯ" ಎಂದಳು. ರಸ ಯಾವುದಕ್ಕೆಂದು ಆಗ ಹೇಳುವ ಧೈರ್ಯವಾಗಿರಲಿಲ್ಲ. ಮುಂದಿನ ವರ್ಷ ಹೇಳಿದೆ, ಅವಳು ಹೆಚ್ಚೇನೂ ಅನ್ನಲಿಲ್ಲ, "ಹದದಲ್ಲಿ ಇರು" ಎಂದಷ್ಟೇ ಹೇಳಿದಳು.

ಮೂರನೆಯ ವರ್ಷದ ತಪ್ಪು ಅಪಾಯಕಾರಿಯಾಗಿತ್ತು. ಹಣ್ಣಿನ ಸಿಹಿ ಉಳಿಯಲಿ ಎಂಬ ಆಸೆಯಿಂದ, ಬಾಟಲಿಗೆ ತುಂಬುವ ದಿನವೇ ಹಸಿ ರಸವನ್ನು ಬೆರೆಸಿದೆ. ಗುಳ್ಳೆ ಬರಲೆಂದು ಎಂದಿನಂತೆ 135 ಗ್ರಾಂ ಸಕ್ಕರೆಯನ್ನೂ ಹಾಕಿದೆ. ಹತ್ತನೆಯ ದಿನ ರಾತ್ರಿ ಗ್ಯಾರೇಜಿನಲ್ಲಿ ಒಂದು ಬಾಟಲಿ ಸಿಡಿಯಿತು, ಬೆಳಗಾಗುವುದರೊಳಗೆ ಇನ್ನೂ ಮೂರು. ಗಾಜಿನ ಚೂರು ಎದುರು ಗೋಡೆಯ ಹಲಗೆಗೆ ನಾಟಿಕೊಂಡಿತ್ತು. ಮಕ್ಕಳು ಸೈಕಲ್ ತೆಗೆಯಲು ಹೋಗುವ ಜಾಗ ಅದು. ದಪ್ಪ ಜಾಕೆಟ್ಟು, ಕನ್ನಡಕ, ಕೈಗವಸು ಹಾಕಿಕೊಂಡು ಉಳಿದ ಬಾಟಲಿಗಳ ಮೇಲೆ ಕಂಬಳಿ ಹೊದಿಸಿ, ಒಂದೊಂದಾಗಿ ಮುಚ್ಚಳ ಸಡಿಲಿಸಿ ಚೆಲ್ಲಿದೆ. ಆಮೇಲೆ ಕೂತು ಲೆಕ್ಕ ಹಾಕಿದೆ. ರಸದ ಸಾಂದ್ರತೆ 9.5 ಬ್ರಿಕ್ಸ್, ಅಂದರೆ 100 ಗ್ರಾಂ ರಸದಲ್ಲಿ ಸುಮಾರು ಒಂಬತ್ತೂವರೆ ಗ್ರಾಂ ಕರಗಿದ ವಸ್ತು, ಅದರಲ್ಲಿ ಬಹುಪಾಲು ಸಕ್ಕರೆ. 1.9 ಲೀಟರ್ ರಸದಲ್ಲಿ 187 ಗ್ರಾಂ ಆಗುತ್ತದೆ. ಹುಳಿ ಮೊದಲಾದವನ್ನು ಕಳೆದರೂ, ನಾನು ಬೇರೆಯಾಗಿ ಹಾಕಿದ ಸಕ್ಕರೆಯಷ್ಟೇ ಸಕ್ಕರೆ ರಸದ ಮೂಲಕವೂ ಬಾಟಲಿಯೊಳಗೆ ಹೋಗಿತ್ತು. ಗುಳ್ಳೆಗೆ ಬೇಕಾದದ್ದರ ಎರಡರಷ್ಟು. ಈ ಲೆಕ್ಕವನ್ನು ಮೊದಲೇ ಹಾಕಲು ಬೇಕಿದ್ದದ್ದು ಐದು ನಿಮಿಷ.

ಈಗ ನಾನು ಅನುಸರಿಸುವ ಕ್ರಮ ಹೀಗಿದೆ. ಹಣ್ಣು ಕಿತ್ತು ತಂದ ದಿನವೇ ಕೊಳೆತದ್ದನ್ನು ಆರಿಸಿ ತೆಗೆದು, ಬೇಗ ತೊಳೆದು, 2.7 ಕಿಲೋ ತೂಗಿ ಫ್ರೀಜರಿನಲ್ಲಿ ಎರಡು ದಿನ ಗಟ್ಟಿ ಮಾಡುತ್ತೇನೆ. ತಾಜಾ ಹಣ್ಣನ್ನು ಹೆಪ್ಪುಗಟ್ಟಿಸುವುದೇಕೆಂದು ಅನಿಸಬಹುದು. ಹೆಪ್ಪುಗಟ್ಟಿದಾಗ ಹಣ್ಣಿನ ಕೋಶಗಳು ಒಡೆಯುತ್ತವೆ, ಕರಗುವಾಗ ರಸ ತಾನಾಗಿ ಹರಿದು ಬರುತ್ತದೆ, ಹಿಂಡುವ ಶ್ರಮವೂ ಬೀಜ ಒಡೆಯುವ ಭಯವೂ ತಪ್ಪುತ್ತದೆ. ಕರಗಿದ ಹಣ್ಣನ್ನು ಕೈಯಿಂದ ಹಿಚುಕಿ, ಪೆಕ್ಟಿನ್ ಒಡೆಯುವ ಕಿಣ್ವವನ್ನು ಕಾಲು ಟೀ ಚಮಚ ಬೆರೆಸಿ, ಅಡುಗೆಮನೆಯ ಶಾಖದಲ್ಲಿ ನಾಲ್ಕೈದು ಗಂಟೆ ಮುಚ್ಚಿಡುತ್ತೇನೆ. ಜಾಮು ಗಟ್ಟಿಯಾಗುವುದು ಪೆಕ್ಟಿನ್ನಿನಿಂದಲೇ. ಅದನ್ನು ಮೊದಲು ಒಡೆಯದೆ ರಸವನ್ನು ಕಾಯಿಸಿದರೆ ಬಿಯರಿನಲ್ಲಿ ಕೂತುಕೊಳ್ಳದ ಲೋಳೆಯಂಥ ಮಬ್ಬು ನಿಲ್ಲುತ್ತದೆ. ಗೋಧಿಯ ಮಬ್ಬು ನೋಡಲು ಹಿತ, ಪೆಕ್ಟಿನ್ನಿನ ಮಬ್ಬು ಹಾಗಲ್ಲ. ಕಾಯಿಸಿದ ಮೇಲೆ ಕಿಣ್ವ ಹಾಕಿ ಪ್ರಯೋಜನವಿಲ್ಲವೆಂದಲ್ಲ, ಬಿಸಿಯಿರುವಾಗ ಹಾಕಿದರೆ ಕಿಣ್ವವೇ ಸಾಯುತ್ತದೆ. ನನಗೆ ಮೊದಲು ಕಿಣ್ವ, ಆಮೇಲೆ ಶಾಖ ಎಂಬ ಕ್ರಮವೇ ಸರಿಯೆನಿಸಿದೆ, ಏಕೆಂದರೆ ರಸವೂ ಹೆಚ್ಚು ಇಳಿಯುತ್ತದೆ.

ಕುದಿಸಿ ತೆಗೆದ ಬಿಳಿ ಪಂಚೆಯ ತುಂಡಿನಲ್ಲಿ ಕಟ್ಟಿ ತೂಗುಹಾಕಿ ಸೋಸಿದರೆ ಸುಮಾರು 1.9 ಲೀಟರ್ ಕಡುಗೆಂಪು ರಸ ಸಿಗುತ್ತದೆ. ಅದನ್ನು ಸ್ಟೀಲ್ ಪಾತ್ರೆಯಲ್ಲಿ ಮುಚ್ಚಳ ಮುಚ್ಚಿ 70 ಡಿಗ್ರಿಗೆ ತಂದು ಹತ್ತು ನಿಮಿಷ ಅದೇ ಶಾಖದಲ್ಲಿರಿಸಿ, ಕೂಡಲೇ ಐಸ್ ನೀರಿನಲ್ಲಿ ಇಳಿಸುತ್ತೇನೆ. ಹಣ್ಣಿನ ಸಿಪ್ಪೆಯ ಮೇಲೆ ತೋಟದ ಯೀಸ್ಟುಗಳು, ಬ್ಯಾಕ್ಟೀರಿಯಾಗಳು ಇದ್ದೇ ಇರುತ್ತವೆ. ಬಿಯರಿನ ಮದ್ಯಾಂಶವೇ ಅವನ್ನು ತಡೆಯುತ್ತದೆ ಎಂದು ಕಾಯಿಸದೆ ಹಾಕುವವರಿದ್ದಾರೆ. ಐದು ಪ್ರತಿಶತದೊಳಗಿನ ಬಿಯರಿನಲ್ಲಿ ನಾನು ಆ ಭರವಸೆ ಇಡುವುದಿಲ್ಲ. ಗಾಜು ಸಿಡಿದದ್ದನ್ನು ಒಮ್ಮೆ ಕಂಡ ಮೇಲೆ, ಬಾಟಲಿಯೊಳಗೆ ನನಗೆ ಗೊತ್ತಿಲ್ಲದ ಜೀವಿಯೊಂದು ನಿಧಾನವಾಗಿ ಸಕ್ಕರೆ ತಿನ್ನುತ್ತಿರುವ ಸಾಧ್ಯತೆಯನ್ನು ಒಪ್ಪಲಾರೆ. ಕಾಯಿಸುವುದರಿಂದ ಪರಿಮಳ ಸ್ವಲ್ಪ ಕುಗ್ಗುತ್ತದೆ ಎಂಬುದು ನಿಜ. ಕುದಿಯಲು ಬಿಟ್ಟರೆ ಮಾತ್ರ ಅದು ಜಾಮಿನ ವಾಸನೆಗೆ ತಿರುಗುತ್ತದೆ, ಆದ್ದರಿಂದ ಥರ್ಮಾಮೀಟರಿನ ಮೇಲಿಂದ ಕಣ್ಣು ತೆಗೆಯಬಾರದು.

ರಸ ಸೇರಿಸುವ ಗಳಿಗೆ ಎಂಟನೆಯ ದಿನ. ಆ ಹೊತ್ತಿಗೆ ಬಿಯರು 1.012ಕ್ಕೆ ಇಳಿದು, ನೊರೆ ಕುಸಿದು, ಗುಳ್ಳೆಗಳು ವಿರಳವಾಗಿರುತ್ತವೆ. ಸೋಂಕು ತೆಗೆದ ಇನ್ನೊಂದು ಪಾತ್ರೆಗೆ ಮೊದಲು ತಣ್ಣಗಿನ ರಸವನ್ನು ಸುರಿದು, ಅದರ ಕೆಳಗಿನಿಂದ ಏರುವಂತೆ ಸೈಫನ್ ಕೊಳವೆಯಲ್ಲಿ 17.5 ಲೀಟರ್ ಬಿಯರನ್ನು ಗಸಿ ಬಿಟ್ಟು ಇಳಿಸುತ್ತೇನೆ. ಚಿಮ್ಮಿಸಬಾರದು, ಈ ಹಂತದಲ್ಲಿ ಗಾಳಿ ಸೇರಿದರೆ ರಾಸ್‌ಬೆರಿಯ ಕೆಂಪು ಕೆಲವೇ ವಾರಗಳಲ್ಲಿ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಒಂದು ದಿನದೊಳಗೆ ಎರಡನೆಯ ಹುದುಗು ಶುರುವಾಗುತ್ತದೆ, ಆದರೆ ಮೊದಲಿನ ಬಿರುಸು ಇಲ್ಲದ್ದರಿಂದ ಪರಿಮಳ ಉಳಿಯುತ್ತದೆ. ಪಾತ್ರೆಯ ಮೇಲ್ಭಾಗದಲ್ಲಿ ನಾಲ್ಕು ಬೆರಳಿನಷ್ಟು ಜಾಗ ಖಾಲಿ ಬಿಟ್ಟಿರಬೇಕು.

ರಸ ಹಾಕಿದರೆ ಬಿಯರಿನ ಮದ್ಯಾಂಶ ಏರುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ಲೆಕ್ಕ ಹಾಕಿ ನೋಡಿದರೆ ಹಾಗಿಲ್ಲ. ಹೈಡ್ರೋಮೀಟರಿನ ಅಂಕಿಯಲ್ಲಿ ಕೊನೆಯ ಎರಡು ಅಂಕೆಗಳನ್ನಷ್ಟೇ ಹಿಡಿದರೆ, 17.5 ಲೀಟರಿನಲ್ಲಿ ಆರಂಭದ ಅಂಶ 47ರಂತೆ 822; 1.9 ಲೀಟರ್ ರಸದಲ್ಲಿ (9.5 ಬ್ರಿಕ್ಸ್ ಎಂದರೆ 1.038) 38ರಂತೆ 72. ಎರಡನ್ನೂ ಕೂಡಿಸಿ 19.4ರಿಂದ ಭಾಗಿಸಿದರೆ 46 (1.046). ಅಂದರೆ ರಾಸ್‌ಬೆರಿ ರಸವು ಹುದುಗುವ ಮೊದಲಿನ ಬಿಯರಿಗಿಂತ ತೆಳುವಾಗಿರುವುದರಿಂದ ಅದು ಬಿಯರನ್ನು ಒಂದಿಷ್ಟು ತೆಳುವಾಗಿಸುತ್ತದೆಯೇ ಹೊರತು ಏರಿಸುವುದಿಲ್ಲ. ಕೊನೆಗೆ 1.011ಕ್ಕೆ ನಿಂತಾಗ ವ್ಯತ್ಯಾಸವನ್ನು 131.25ರಿಂದ ಗುಣಿಸಿ ನೋಡಿದರೆ ಮದ್ಯಾಂಶ ಸುಮಾರು 4.6 ಪ್ರತಿಶತ. ಬದಲಾಗುವುದು ಹುಳಿ. ನನ್ನ ಮೀಟರಿನಲ್ಲಿ ರಸ ಸೇರಿಸುವ ಮೊದಲು 4.3 ಇದ್ದ ಪಿಎಚ್ (ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಕಳೆದ ವರ್ಷ 3.9ಕ್ಕೆ ಬಂದು ನಿಂತಿತು. ಕಾಳಿನಲ್ಲಿ ಉಳಿಸಿಕೊಂಡ ಆ ಎರಡು ಡಿಗ್ರಿಯ ಗುಟ್ಟು ಉಪಯೋಗಕ್ಕೆ ಬರುವುದು ಇಲ್ಲಿಯೇ.

ಹತ್ತು ದಿನಗಳ ನಂತರ ಹೈಡ್ರೋಮೀಟರಿನಲ್ಲಿ ಒಮ್ಮೆ ನೋಡಿ, ಮೂರು ದಿನ ಬಿಟ್ಟು ಮತ್ತೊಮ್ಮೆ ನೋಡುತ್ತೇನೆ. ಎರಡೂ ಸಲ ಒಂದೇ ಅಂಕಿ ಬಂದರೆ ಮಾತ್ರ ಬಾಟಲಿಗಳನ್ನು ಹೊರಗೆ ತೆಗೆಯುತ್ತೇನೆ. ತೊಳೆದ ಬಾಟಲಿಗಳ ಸೋಂಕು ತೆಗೆಯಲು ಸ್ಟಾರ್ ಸ್ಯಾನ್ ಎಂಬ ಆಮ್ಲದ ದ್ರಾವಣ ಬಳಸುತ್ತೇನೆ. ಬ್ಲೀಚಿನ ಪುಡಿಯನ್ನು ಈ ಕೆಲಸಕ್ಕೆ ಎಂದೂ ಬಳಸಿಲ್ಲ. ಎರಡು ದಿನ ಫ್ರಿಜ್ಜಿನ ತಂಪಿನಲ್ಲಿ ಗಸಿ ಕೂರಿಸಿ, 135 ಗ್ರಾಂ ಸಕ್ಕರೆಯನ್ನು ಒಂದು ಲೋಟ ನೀರಿನಲ್ಲಿ ಕುದಿಸಿ ಆರಿಸಿ ಬೆರೆಸಿ ತುಂಬಿದರೆ ಸುಮಾರು 50 ಬಾಟಲಿಗಳಾಗುತ್ತವೆ. ಗೋಧಿ ಬಿಯರಿಗೆ ಗುಳ್ಳೆ ಇನ್ನೂ ಹೆಚ್ಚಿದ್ದರೆ ಚೆನ್ನ, ಬವೇರಿಯಾದವರು ಹೆಚ್ಚೇ ಇಡುತ್ತಾರೆ, ಆದರೆ ಸಾಧಾರಣ ಬಾಟಲಿಯ ಗಾಜಿನ ಮೇಲೆ ನಾನು ಅಷ್ಟು ಒತ್ತಡ ಹೇರುವುದಿಲ್ಲ. ಮೊದಲ ಎರಡು ವಾರ ಅವು ಮುಚ್ಚಳವಿರುವ ದಪ್ಪ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಇರುತ್ತವೆ.

ಬೇರೆ ಹಣ್ಣುಗಳಲ್ಲಿ ಸ್ಟ್ರಾಬೆರಿ ನನ್ನನ್ನು ನಿರಾಶೆಗೊಳಿಸಿತು. ಹಣ್ಣಾಗಿ ತಿನ್ನುವಾಗ ಅದರಷ್ಟು ಪರಿಮಳ ಯಾವುದಕ್ಕೂ ಇಲ್ಲ, ಬಿಯರಿನಲ್ಲಿ ಒಂದು ತಿಂಗಳೊಳಗೆ ಬಣ್ಣವೂ ಹೋಯಿತು, ವಾಸನೆಯೂ ಹೋಯಿತು. ಮ್ಯಾರಿಯನ್‌ಬೆರಿ ಚೆನ್ನಾಗಿ ನಿಲ್ಲುತ್ತದೆ, ಆದರೆ ಅದರ ಒಗರಿಗೆ ರಸದ ಪ್ರಮಾಣವನ್ನು ಒಂದೂಕಾಲು ಲೀಟರಿಗೆ ಇಳಿಸಬೇಕಾಯಿತು. ಕಿತ್ತಳೆಯ ರಸ ಮಾತ್ರ ಬೇಡವೇ ಬೇಡ. ಸಕ್ಕರೆ ಕಳೆದ ಕಿತ್ತಳೆ ರಸದಲ್ಲಿ ಕಿತ್ತಳೆಯ ನೆನಪೇ ಇರುವುದಿಲ್ಲ, ಬರೀ ಮಂಕಾದ ಹುಳಿ. ಕಿತ್ತಳೆಯ ಪರಿಮಳ ಇರುವುದು ಸಿಪ್ಪೆಯ ಎಣ್ಣೆಯಲ್ಲಿ. ಬೆಲ್ಜಿಯಂನ ಹೂಗಾರ್ಡನ್ ಊರಿನಲ್ಲಿ ನಿಂತುಹೋಗಿದ್ದ ಬಿಳಿ ಗೋಧಿ ಬಿಯರನ್ನು 1960ರ ದಶಕದಲ್ಲಿ ಮತ್ತೆ ಆರಂಭಿಸಿದ ಪಿಯೆರ್ ಸೆಲಿಸ್ ಕೂಡ ಹಾಕಿದ್ದು ಒಣಗಿದ ಕಿತ್ತಳೆ ಸಿಪ್ಪೆ ಮತ್ತು ಕೊತ್ತಂಬರಿ ಬೀಜವನ್ನು. ನಾನೂ ಎರಡು ಕಿತ್ತಳೆಯ ಮೇಲ್ಸಿಪ್ಪೆಯನ್ನು ಬಿಳಿ ಭಾಗ ಬರದಂತೆ ತುರಿದು, 15 ಗ್ರಾಂ ಕೊತ್ತಂಬರಿ ಬೀಜವನ್ನು ಒರಳಿನಲ್ಲಿ ಜಜ್ಜಿ, ಕುದಿಯ ಕೊನೆಯ ಐದು ನಿಮಿಷಕ್ಕೆ ಹಾಕಿ ನೋಡಿದ್ದೇನೆ. ಬೀಜವನ್ನು ಪುಡಿ ಮಾಡಿದರೆ ಸಾರಿನ ವಾಸನೆ ಬರುತ್ತದೆ, ಎರಡಾಗಿ ಒಡೆದರೆ ಸಾಕು.

ಮಾವಿನದು ಬೇರೆಯೇ ಲೆಕ್ಕ. ಇಲ್ಲಿ ವಸಂತದಲ್ಲಿ ಮೆಕ್ಸಿಕೋದಿಂದ ಬರುವ ಅತೌಲ್ಫೊ ಎಂಬ ಹಳದಿ ಮಾವಿಗೆ ನಾರು ಕಡಿಮೆ. ನಮ್ಮ ಬಾದಾಮಿಯ ಅಥವಾ ರಸಪುರಿಯ ಗಂಧ ಅದಕ್ಕಿಲ್ಲ, ಆದರೂ ಚೆನ್ನಾಗಿ ಹಣ್ಣಾದಾಗ ಕೆಲಸಕ್ಕೆ ಬರುತ್ತದೆ. ಅದರ ತಿರುಳು 16 ಬ್ರಿಕ್ಸ್ ತೋರಿಸುತ್ತದೆ, ಅಂದರೆ 1.065ರ ಹತ್ತಿರ. ಬಿಯರಿಗಿಂತ ದಪ್ಪವಾದ್ದರಿಂದ ಇದು ಮದ್ಯಾಂಶವನ್ನು ಏರಿಸುತ್ತದೆ, ಆದ್ದರಿಂದ ಬಾರ್ಲಿ ಮಾಲ್ಟನ್ನು 300 ಗ್ರಾಂ ಕಡಿಮೆ ಮಾಡುತ್ತೇನೆ. ಮಾವಿನ ಹುಳಿ ಕಡಿಮೆಯಿರುವುದರಿಂದ 66 ಡಿಗ್ರಿಯಲ್ಲಿಟ್ಟರೂ ನಡೆಯುತ್ತದೆ. ಬವೇರಿಯಾದ ಯೀಸ್ಟನ್ನು 20 ಡಿಗ್ರಿಯಲ್ಲಿ ಹುದುಗಿಸಿದಾಗ ಬರುವ ಬಾಳೆಹಣ್ಣಿನ ಪರಿಮಳ ಮಾವಿನ ಜೊತೆ ಹಿತವಾಗಿ ಬೆರೆಯುತ್ತದೆ. ರಸಾಯನ ತಿಂದು ಬೆಳೆದವರಿಗೆ ಈ ಜೋಡಿ ಹೊಸದೇನೂ ಅಲ್ಲ. ತೊಂದರೆಯಿರುವುದು ತಿರುಳಿನಲ್ಲಿ. ಎರಡೂವರೆ ಲೀಟರ್ ತಿರುಳು ಹಾಕಿದರೆ ಗಸಿಯಾಗಿ ಕೂತು ಎರಡು ಲೀಟರಿಗೂ ಹೆಚ್ಚು ಬಿಯರನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಿಣ್ವ ಹಾಕಿ ಒಂದು ದಿನ ಪೂರ್ತಿ ಬಿಟ್ಟು, ಬಟ್ಟೆಯಲ್ಲಿ ನಿಧಾನವಾಗಿ ಇಳಿಯುವ ತೆಳು ರಸವನ್ನಷ್ಟೇ ತೆಗೆದುಕೊಂಡ ಕಳೆದ ಸಲ ನಷ್ಟ ಅರ್ಧದಷ್ಟಾಯಿತು.

ರಾಸ್‌ಬೆರಿ ಬಿಯರನ್ನು ಬಾಟಲಿಗೆ ತುಂಬಿದ ಮೂರನೆಯ ವಾರದಿಂದ ಎಂಟನೆಯ ವಾರದೊಳಗೆ ಕುಡಿಯುವುದು ಒಳ್ಳೆಯದು. ಪ್ರತಿ ವರ್ಷ ಒಂದು ಬಾಟಲಿಯನ್ನು ಡಿಸೆಂಬರಿಗೆಂದು ಎತ್ತಿಟ್ಟು, ಬಣ್ಣ, ವಾಸನೆ, ಹುಳಿಯನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಐದನೆಯ ವರ್ಷದ್ದು ಆ ಹೊತ್ತಿಗೆ ಕಂದಾಗಿತ್ತು, ಆರನೆಯದು ತಿಳಿಗೆಂಪಾಗಿತ್ತು. ಕಳೆದ ವರ್ಷದ್ದನ್ನು ಹಿಮ ಬಿದ್ದ ಸಂಜೆ ತೆರೆದಾಗ ಬಣ್ಣ ಹಾಗೆಯೇ ಇತ್ತು, ನೊರೆಯೂ ಗುಲಾಬಿಯಾಗಿತ್ತು, ಲೋಟವನ್ನು ಮೂಗಿನ ಬಳಿ ತಂದ ಹೆಂಡತಿ ಸೋವಿ ದ್ವೀಪದ ತೋಟದ ಹೆಸರು ಹೇಳಿದಳು.